ಚಿಕ್ಕಮ್ಮ ಓಡಿಸಿದರೆ ಮಾತ್ರ ನಿಲ್ಲುವ ಕಾರು

ಮಂಚೇನಹಳ್ಳಿ ಇನ್ನೇನು ಬಂತು ಅನ್ನುವಾಗ, ಒಂದು ಹಂಪ್ ದಾಟಿದ ತಕ್ಷಣ ಕಾರು ಸುಮ್ಮನಾಗಿಬಿಟ್ಟಿತು. ಕೆಮ್ಮಲಿಲ್ಲ, ನಡುಗಲಿಲ್ಲ. ಎಂಜಿನ್ ನಿಂತಿತು, ಅಷ್ಟೇ. ಹಿಂದಿದ್ದ ಬಸ್ಸಿನವನು ಹಾರ್ನ್ ಒತ್ತುತ್ತಾ ಪಕ್ಕದಿಂದ ಹೋದ. ಹೋಗುವಾಗ ನನ್ನತ್ತ ಒಂದು ನೋಟ ಬೀರಿದ. (ಕಾರು ಓಡಿಸುವ ಹೆಂಗಸರಿಗೆ ಆ ನೋಟದ ಪರಿಚಯ ಚೆನ್ನಾಗಿರುತ್ತದೆ.)

ಕಾರು ನನ್ನದಲ್ಲ, ಶಿಡ್ಲಘಟ್ಟದ ನನ್ನ ಚಿಕ್ಕಮ್ಮನದು. ಗೌರಿಬಿದನೂರಿನಲ್ಲಿ ಗೆಳತಿಯ ಮಗಳ ಸೀಮಂತ. ನನ್ನ ಕಾರು ಸರ್ವಿಸಿಗೆ ಹೋಗಿತ್ತು. ನಮ್ಮದು ಸುಮ್ಮನೆ ನಿಂತಿದೆ, ತಗೊಂಡು ಹೋಗು ಎಂದಿದ್ದರು ಚಿಕ್ಕಪ್ಪ.

ಸುಮ್ಮನೆ ಯಾಕೆ ನಿಂತಿತ್ತು?

ಚಿಕ್ಕಮ್ಮ ಟೀಚರ್ ಆಗಿದ್ದವರು. ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿತು ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡರು. ಜೊತೆಗೆ ಪಾಠ ಮಾಡಿದ ಗೆಳತಿಯರನ್ನು ಕೂರಿಸಿಕೊಂಡು ಮೇಲೂರು, ಚಿಂತಾಮಣಿ, ಕಳವಾರ ಎಂದು ತಿರುಗಿದರು. (ಕಳವಾರಕ್ಕೆ ಹೋಗುತ್ತಿದ್ದುದು ಬೆಟ್ಟ ಹತ್ತಲಿಕ್ಕಲ್ಲ, ಬುಡದಲ್ಲಿ ಕೂತು ಚಿತ್ರಾನ್ನ ತಿನ್ನಲಿಕ್ಕೆ.) ಆಗೆಲ್ಲ ಫೋನ್ ಮಾಡಿದರೆ ಅವರಿಗೆ ಮಾತಾಡಲು ಪುರುಸೊತ್ತೇ ಇರುತ್ತಿರಲಿಲ್ಲ.

ಆಮೇಲೆ ಕಾರು ದಾರಿಯಲ್ಲಿ ನಿಲ್ಲತೊಡಗಿತು. ಚಿಕ್ಕಪ್ಪ ಮೆಕ್ಯಾನಿಕ್ ಕರೆದುಕೊಂಡು ಹೋಗಿ ನೋಡಿದರೆ ಒಂದು ಫ್ಯೂಸ್ ಹೋಗಿರುತ್ತಿತ್ತು, ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನದು. ಹೊಸದು ಹಾಕಿ ಚಿಕ್ಕಪ್ಪ ಓಡಿಸಿದರೆ ಮನೆಯವರೆಗೂ ತಕರಾರಿಲ್ಲ. ಗ್ಯಾರೇಜಿನವರು ಊರೆಲ್ಲ ಸುತ್ತಿಸಿದರೂ ತಕರಾರಿಲ್ಲ.

ಚಿಕ್ಕಮ್ಮ ಓಡಿಸಿದರೆ ನಿಲ್ಲುತ್ತದೆ, ಗಂಡಸರು ಓಡಿಸಿದರೆ ನಿಲ್ಲುವುದಿಲ್ಲ. ಮನೆಯವರೆಲ್ಲ ಯಾವ ತೀರ್ಮಾನಕ್ಕೆ ಬಂದಿರಬಹುದು, ಹೇಳಿ?

ಕ್ಲಚ್ ಸರಿಯಾಗಿ ಬಿಡಲ್ಲ ಎಂದರು. ಏನೋ ಸ್ವಿಚ್ ಒತ್ತಿಬಿಡ್ತಾಳೆ ಎಂದರು. ವಯಸ್ಸಾಯ್ತಲ್ಲ ಎಂದರು. ನಾನೇನೂ ಮಾಡಿಲ್ಲ ಎಂದು ಚಿಕ್ಕಮ್ಮ ಹೇಳುತ್ತಲೇ ಇದ್ದರು. ಒಮ್ಮೆ ಚಿಂತಾಮಣಿ ರಸ್ತೆಯಲ್ಲಿ ನಿಂತಾಗ ಹಿಂದಿನ ಲಾರಿ ಗೇಣು ದೂರದಲ್ಲಿ ಬ್ರೇಕ್ ಹಾಕಿತಂತೆ. ಅಂದು ಸಂಜೆ ಕೀ ತಂದು ಚಿಕ್ಕಪ್ಪನ ಕೈಗಿಟ್ಟವರು ಮತ್ತೆ ಕಾರು ಮುಟ್ಟಲಿಲ್ಲ.

ಈಗ ಅದೇ ಕಾರು ನನ್ನ ಕೈಯಲ್ಲೂ ನಿಂತಿತ್ತು. ಮಂಚೇನಹಳ್ಳಿಯಿಂದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಎಲ್ಲೋ ವೈರ್ ಕಾರಿನ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗ್ತಿದೆ, ಅದು ಸಿಗೋವರೆಗೂ ಎಷ್ಟು ಫ್ಯೂಸ್ ಹಾಕಿದರೂ ದಂಡ ಎಂದರು. ಸುಟ್ಟ ಫ್ಯೂಸ್ ತೆಗೆದು ಆ ಜಾಗಕ್ಕೆ ಒಂದು ಬಲ್ಬ್ ಸಿಕ್ಕಿಸಿದರು. ಶಾರ್ಟ್ ಇರುವಷ್ಟು ಹೊತ್ತೂ ಬಲ್ಬ್ ಜೋರಾಗಿ ಉರಿಯುತ್ತದೆ, ತಪ್ಪಿತೋ ಆರುತ್ತದೆ. ಉರಿಯುತ್ತಿತ್ತು. ಬಾನೆಟ್ ಒಳಗಿನ ವೈರುಗಳನ್ನೆಲ್ಲ ಅಲ್ಲಾಡಿಸಿದರು. ಉರಿಯುತ್ತಲೇ ಇತ್ತು. ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಲು ಜಾಗ ಸಾಲದೆ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿದರು.

ಬಲ್ಬ್ ಆರಿತು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಸೀಟನ್ನು ಮುಂದಕ್ಕೆ ಎಳೆದು ಅದರ ಮೇಲೆ ಧೊಪ್ಪನೆ ಕೂತೆ. ಹತ್ತಿತು.

ನಾನೂ ಕುಳ್ಳಿ, ಚಿಕ್ಕಮ್ಮನಷ್ಟೇ ಎತ್ತರ. ಸೀಟು ಪೂರ್ತಿ ಮುಂದೆ ಬಾರದೆ ನಮ್ಮಿಬ್ಬರ ಕಾಲಿಗೂ ಕ್ಲಚ್ ಸಿಗುವುದಿಲ್ಲ. ಸೀಟಿನ ಕಂಬಿಯ ಕೆಳಗೆ, ಮ್ಯಾಟಿನಡಿ, ಪಂಪಿನ ವೈರ್ ಸಿಕ್ಕಿಕೊಂಡಿತ್ತು. ಯಾರೋ ಹೊಸ ಮ್ಯಾಟ್ ಹಾಕುವಾಗ ಜರುಗಿರಬೇಕು. ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣುತ್ತಿತ್ತು. ಸೀಟು ಮುಂದಿದ್ದು ಕಾರು ಎತ್ತಿಹಾಕಿದರೆ ಕಬ್ಬಿಣಕ್ಕೆ ತಾಗುತ್ತಿತ್ತು. ಉದ್ದ ಕಾಲಿನ ಗಂಡಸರು ಕೂತ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸವೇ ಸೀಟು ಹಿಂದೆ ತಳ್ಳುವುದು!

ಸವೆದ ಭಾಗ ಕತ್ತರಿಸಿ, ಜೋಡಿಸಿ, ಮೇಲೆ ಪ್ಲಾಸ್ಟಿಕ್ ಸ್ಲೀವ್ ಹಾಕಿ, ವೈರನ್ನು ಪಕ್ಕಕ್ಕೆ ಸರಿಸಿ ಕ್ಲಿಪ್ ಮಾಡಿದರು. ಸೀಮಂತದ ಊಟ ತಪ್ಪಲಿಲ್ಲ.

ವಾಪಸು ಹೋಗಿ ಎಲ್ಲ ಹೇಳಿದೆ. ಚಿಕ್ಕಪ್ಪ ಎದ್ದು ಹೋಗಿ, ಕಾರಿನಲ್ಲಿ ಕೂತು, ಸೀಟನ್ನು ಹಿಂದೆ ಮುಂದೆ ಮಾಡಿ ನೋಡಿ ಬಂದರು. ಇನ್ಮೇಲೆ ನೀನೇ ಓಡಿಸು ಎಂದರು, ಹೆಂಡತಿಯ ಮುಖ ನೋಡದೆ.

ಚಿಕ್ಕಮ್ಮ ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ನನ್ ತಲೇಲೇ ಏನೋ ಆಗಿದೆ ಅಂದ್ಕೊಂಡಿದ್ದೆ ಕಣೇ" ಎಂದರು. "ಬೆಂಗಳೂರಿಗೆ ಸೀರೆ ತರಕ್ಕೆ ಅಂತ ಹೋಗಿದ್ನಲ್ಲ, ಮರೆವಿನ ಡಾಕ್ಟರ ಹತ್ರ ತೋರಿಸ್ಕೊಂಡು ಬಂದೆ. ಏನೂ ಇಲ್ಲಮ್ಮ ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ."

ಚಿಕ್ಕಪ್ಪನಿಗೆ ಇದು ಗೊತ್ತೇ ಇರಲಿಲ್ಲ.

ಒಂದು ರೌಂಡ್ ಹೋಗಣ ಬನ್ನಿ ಎಂದು ಬಲವಂತ ಮಾಡಿದೆ. ಕೂತರು. ಸ್ಟಾರ್ಟ್ ಮಾಡಿದರು. ಗೇಟಿನವರೆಗೆ ಹೋಗಿ, ಆಫ್ ಮಾಡಿ, ಸ್ಟೀರಿಂಗ್ ಮೇಲಿನ ತಮ್ಮ ಕೈ ನೋಡುತ್ತಾ ಕೂತರು. "ಬೇಡ ಬಿಡೇ" ಎಂದು ಇಳಿದುಹೋದರು. ಈಗಲೂ ಚಿಂತಾಮಣಿಗೆ ಬಸ್ಸಿನಲ್ಲೇ ಹೋಗುತ್ತಾರೆ, ಅದೂ ಅಪರೂಪಕ್ಕೆ. ಕಾರು ಮಾತ್ರ ಹೂವಿನ ಹಾಗೆ ಓಡುತ್ತಿದೆ.

ಅಷ್ಟು ಸಲ ಆ ಕಾರನ್ನು ಬಿಚ್ಚಿ ನೋಡಿದರಲ್ಲ, "ನೀನು ಹೇಗೆ ಕೂತು ಓಡಿಸ್ತೀಯ, ತೋರಿಸು" ಎಂದು ಒಮ್ಮೆಯಾದರೂ ಚಿಕ್ಕಮ್ಮನನ್ನು ಯಾರಾದರೂ ಕೇಳಿದರೇ?