ಹರಳು ಖೋವಾ ಹುಟ್ಟಿದ ಬಗೆ

ಆ ಹಾಲನ್ನು ಕೆಡಿಸಿದ್ದು ನಾನು. ಮಿಷನ್ ಅಲ್ಲ, ನನ್ನ ಓರಗಿತ್ತಿ ರೇವತಿಯ ಕೈಗುಣವೂ ಅಲ್ಲ — ನಾನು, ನಾಗವೇಣಿ, ಬೇಕೆಂದೇ, ಕೈಯಾರೆ. ಇಷ್ಟು ವರ್ಷ ಇದನ್ನು ಬಚ್ಚಿಟ್ಟುಕೊಂಡೇ ವ್ಯಾಪಾರ ಮಾಡಿದೆ, ಹೆಸರು ಮಾಡಿದೆ, ಸಭೆಗಳಲ್ಲಿ ಶಾಲು ಹೊದಿಸಿಕೊಂಡೆ.

ಬಂಗಾರಪೇಟೆ ಪಕ್ಕದ ನಮ್ಮೂರಿನಲ್ಲಿ ನನ್ನ ಖೋವಾ ಘಟಕ ಎಲ್ಲಿದೆಯೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಜಂಬ ಎನ್ನಿ, ಪರವಾಗಿಲ್ಲ. ಊರಿನ ಅರ್ಧ ಮನೆಗಳ ಹಾಲು ನನ್ನ ಅಂಗಳಕ್ಕೆ ಬರುತ್ತದೆ. ಮಹಿಳಾ ಸಂಘಗಳ ತರಬೇತಿಗೆ ನನ್ನನ್ನು ಕರೆಯುತ್ತಾರೆ. ಹೊಸತನ, ನಾಯಕತ್ವ, ತಂತ್ರಜ್ಞಾನ — ಇವು ಸೇರಿದರೆ ವ್ಯಾಪಾರ ಹೇಗೆ ಬೆಳೆಯುತ್ತದೆ ಎಂದು ನಾನು ಮಾತಾಡುತ್ತೇನೆ, ಚೆನ್ನಾಗಿಯೇ ಮಾತಾಡುತ್ತೇನೆ. ಕೊನೆಯಲ್ಲಿ ಯಾರಾದರೊಬ್ಬಳು ಎದ್ದು ಕೇಳುತ್ತಾಳೆ, 'ಮೇಡಂ, ಹರಳು ಖೋವಾದ ಐಡಿಯಾ ನಿಮಗೆ ಹೇಗೆ ಬಂತು?' ಪ್ರಯೋಗ ಮಾಡುತ್ತಾ ಮಾಡುತ್ತಾ ಬಂತು ಕಣಮ್ಮ ಎಂದು ನಗುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಆ ಉತ್ತರ ಶುದ್ಧ ಸುಳ್ಳು.

ಆಗ ನಮ್ಮದು ಕೂಡುಕುಟುಂಬ. ಅತ್ತೆ ತೀರಿಕೊಂಡ ಮೇಲೆ ಖೋವಾದ ಬಾಣಲೆ ನನ್ನ ಕೈಗೆ ಬಂದಿತ್ತು. ಸೌದೆ ಒಲೆ, ಆಳುದ್ದದ ಸಟ್ಟುಗ, ಕಣ್ಣು ಉರಿಸುವ ಹೊಗೆ. ಸಟ್ಟುಗ ಬಾಣಲೆಗೆ ತಾಗುವ ಸದ್ದಿನಲ್ಲೇ ಖೋವಾ ಯಾವ ಹದಕ್ಕೆ ಬಂದಿದೆ ಎಂದು ನಾನು ಹೇಳಬಲ್ಲೆ. ಅದೊಂದು ವಿದ್ಯೆ ನನಗಲ್ಲದೆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಗಂಡ ಮಂಜಣ್ಣನೂ ಮೈದುನ ಸೀನನೂ ನನ್ನ ಮಾತು ಮೀರುತ್ತಿರಲಿಲ್ಲ ಎಂದರೆ ಅದು ಪ್ರೀತಿಗಲ್ಲ, ಈ ವಿದ್ಯೆಗೆ. ನನಗೆ ಇದು ಗೊತ್ತಿತ್ತು.

ಸೀನನ ಹೆಂಡತಿಯಾಗಿ ಬಂದವಳು ರೇವತಿ. ಚಿನ್ನದ ಗಣಿ ಪಕ್ಕದ ಆಂಡರ್ಸನ್‌ಪೇಟೆಯ ಹುಡುಗಿ, ಕನ್ನಡ ಆಡುತ್ತಾ ಆಡುತ್ತಾ ತಮಿಳಿಗೆ ಜಾರುವವಳು, ಏನು ಕಂಡರೂ ಅದು ಯಾಕೆ ಹೀಗಿದೆ ಎಂದು ಕೇಳುವವಳು. ಬಾಣಲೆಯ ಮುಂದೆ ನನ್ನ ಪಾಡು ನೋಡಿ ನೊಂದವಳು ಇಡೀ ಮನೆಯಲ್ಲಿ ಅವಳೊಬ್ಬಳೇ. ಯಾರನ್ನು ವಿಚಾರಿಸಿದಳೋ, ಎಲ್ಲೆಲ್ಲಿ ಓಡಾಡಿದಳೋ — ಖೋವಾ ಮಾಡುವ ಮಿಷನ್ ಒಂದನ್ನು ಪತ್ತೆ ಮಾಡಿದಳು. ಕೆಳಗೆ ಗ್ಯಾಸಿನ ಉರಿ, ಮೇಲೆ ತಾನಾಗಿ ತಿರುಗುವ ದೊಡ್ಡ ಕೊಳಗ, ಒಳಗೆ ತಳ ಹಿಡಿಯದಂತೆ ಕೆರೆಯುವ ಪಟ್ಟಿ. ಮಾಡಿ ನೋಡಿ, ಒಪ್ಪಿಗೆಯಾದರೆ ಇಟ್ಟುಕೊಳ್ಳಿ ಎಂದು ಮಾರುವವರು ಅದನ್ನು ನಮ್ಮ ಅಂಗಳದಲ್ಲಿ ಇಳಿಸಿ ಹೋದರು.

"ಇನ್ಮೇಲೆ ನೀವು ಒಗೆ ಕುಡಿಯೋದು ಬೇಡ ಅಕ್ಕಾ," ಎಂದಳು ರೇವತಿ. "ಇದನ್ನ ಯಾರು ಬೇಕಾದ್ರೂ ಓಡಿಸ್ಬೋದು."

ಯಾರು ಬೇಕಾದರೂ. ನನ್ನ ಒಳ್ಳೆಯದಕ್ಕೇ ಆಡಿದ ಮಾತು, ನನ್ನ ಎದೆಗೆ ಚುಚ್ಚಿತು. ಯಾರು ಬೇಕಾದರೂ ಮಾಡಬಹುದಾದರೆ ನಾನು ಯಾಕೆ ಬೇಕು? ನಾಳೆ ಇವಳು ಬಟನ್ ಒತ್ತುತ್ತಾಳೆ, ಎಲ್ಲರೂ ಇವಳ ಬಾಯಿ ನೋಡುತ್ತಾರೆ, ನಾನು ಪಾತ್ರೆ ತೊಳೆಯುತ್ತಾ — ಹೀಗೆಲ್ಲ ಯೋಚಿಸಿದೆ. ಹೊಟ್ಟೆಕಿಚ್ಚು ಎಂಬ ಮಾತಿಗಿಂತ ಮೆತ್ತನೆಯ ಮಾತು ಇದಕ್ಕೆ ಇಲ್ಲ.

ಮಿಷನ್ ಶುರು ಮಾಡುವ ದಿನ ಪೂಜೆ ಇಟ್ಟುಕೊಂಡಿದ್ದೆವು. ಅರಿಶಿನ, ಕುಂಕುಮ, ಹೂವು, ದೃಷ್ಟಿ ತೆಗೆಯುವುದಕ್ಕೆ ತಟ್ಟೆಯಲ್ಲಿ ನಿಂಬೆಹಣ್ಣುಗಳು. ರೇವತಿ ಸೀರೆ ಬದಲಾಯಿಸಲು ಒಳಗೆ ಹೋದಳು. ಗಂಡಸರು ಬೀದಿಯಲ್ಲಿದ್ದರು. ಅವಳು ಅಳತೆ ಮಾಡಿ ತೆಗೆದಿಟ್ಟಿದ್ದ ಹಾಲಿನ ಕ್ಯಾನು ನನ್ನ ಕಣ್ಣೆದುರಿಗಿತ್ತು. ತಟ್ಟೆಯ ನಿಂಬೆಹಣ್ಣಿನಲ್ಲೇ ಒಂದನ್ನು ಕೊಯ್ದು ಅದಕ್ಕೆ ಹಿಂಡಿದೆ. ಹಾಲು ಪೂರ್ತಿ ಒಡೆದರೆ ಅನುಮಾನ ಬರುತ್ತದೆ, ಆದ್ದರಿಂದ ನೋಡಿಕೊಂಡು, ಹದವಾಗಿ — ಹಾಲಿನ ವಿಷಯದಲ್ಲಿ ನನ್ನ ಅಂದಾಜು ಎಂದೂ ತಪ್ಪಿದ್ದಿಲ್ಲ. ಸಿಪ್ಪೆಯನ್ನು ಒಲೆಗೆ ಹಾಕಿದೆ. ಯಾರ ದೃಷ್ಟಿ ತೆಗೆಯಲು ತಂದ ಹಣ್ಣು ಅದು, ಯಾರ ದೃಷ್ಟಿ ತಾಗಿತು!

ಕೊಳಗ ತಿರುಗಿತು. ಹಾಲು ಗಟ್ಟಿಯಾಗುತ್ತಾ ಬಂದಂತೆ ನುಣ್ಣಗಾಗಬೇಕಾದ ಖೋವಾ ತರಿ ತರಿಯಾಗಿ, ರವೆಯ ಹಾಗೆ ಉದುರಿತು. ರೇವತಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಸಣ್ಣದು ಮಾಡಿದಳು. ಪಕ್ಕದ ಒಲೆಯಲ್ಲಿ ನಾನು ಬೇರೆ ಕ್ಯಾನಿನ ಹಾಲು ಕಾಯಿಸಿ, ಬೆಣ್ಣೆಯಂಥ ಖೋವಾ ಇಳಿಸಿ ಎಲ್ಲರ ಮುಂದೆ ಇಟ್ಟೆ.

"ಇನ್ನೊಂದ್ಸಲ ಮಾಡಿ ನೋಡಾಣ ಅಕ್ಕಾ," ಎಂದು ಬೇಡಿದಳು. ಇನ್ನೊಂದು ಸಲ ಮಾಡಿದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಹಾಲು ತಂದ ಹೆಂಗಸರೆಲ್ಲ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಆಗ ಆ ಮಾತು ಆಡಿದೆ.

"ಮಿಷಿನ್ ಏನ್ ಮಾಡ್ತದೆ ಬಿಡಮ್ಮ. ಆಲಿಗೂ ಒಂದು ಕೈಗುಣ ಅನ್ನೋದು ಇರ್ತದೆ. ಕೆಲವ್ರಿಗೆ ಬರಾಕಿಲ್ಲ."

ನಿಂಬೆರಸಕ್ಕಿಂತ ಹುಳಿ ಆ ಮಾತು. ಒಂದು ದಿನದ ಹಾಲು ಕೆಟ್ಟಿದ್ದರೆ ಮರುದಿನ ಬೇರೆ ಹಾಲು ಬರುತ್ತಿತ್ತು. ಮಾತು ಹಾಗಲ್ಲ — ಊರು ಅದನ್ನು ಎತ್ತಿಕೊಂಡಿತು. ಮಿಷನ್ ವಾಪಸು ಹೋಯಿತು. ರೇವತಿ ಖೋವಾದ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು. ಕೆಲವೇ ತಿಂಗಳಲ್ಲಿ ಸೀನ ಅವಳನ್ನು ಕರೆದುಕೊಂಡು ಆಂಡರ್ಸನ್‌ಪೇಟೆಗೆ ಹೋದ. ಅವನು ಆಟೋ ಇಟ್ಟುಕೊಂಡ, ಅವಳು ಬಟ್ಟೆ ಹೊಲಿಯಲು ಕೂತಳು.

ಇನ್ನು ಆ ಕೆಟ್ಟ ಖೋವಾ. ಬಿಸಾಡಲು ಮನಸ್ಸಾಗದೆ ನನ್ನ ಗಂಡ ಅದನ್ನು ಬಂಗಾರಪೇಟೆಯ ಸ್ವೀಟ್ ಅಂಗಡಿಗೆ ಸಿಕ್ಕಿದ ಬೆಲೆಗೆ ಕೊಟ್ಟು ಬಂದಿದ್ದರು. ಎರಡು ದಿನ ಬಿಟ್ಟು ಅಂಗಡಿಯವರು ಫೋನ್ ಮಾಡಿದರು — ಆ ಹರಳು ಹರಳಾಗಿದ್ದ ಮಾಲು ಇನ್ನೂ ಇದೆಯಾ, ಅದರಲ್ಲಿ ಮಾಡಿದ ಬರ್ಫಿಯನ್ನು ಗಿರಾಕಿಗಳು ಕೇಳಿ ಕೇಳಿ ತಿನ್ನುತ್ತಿದ್ದಾರೆ ಎಂದು. ಮತ್ತೆ ಬಾಣಲೆಗೆ ನಿಂಬೆ ಹಿಂಡಿದೆ. ಈ ಸಲ ರಾಜಾರೋಷವಾಗಿ, ಪ್ರಯೋಗ ಮಾಡಿ ಕಂಡುಕೊಂಡೆ ಎಂದು ಮನೆಯವರನ್ನೂ ನಂಬಿಸಿ. ಹರಳು ಖೋವಾ ಎಂದು ಹೆಸರಿಟ್ಟೆ. ಬೇಡಿಕೆ ಏರಿತು, ಬಾಣಲೆ ಸಾಲದಾಯಿತು. ಆಗ ನಾನೇ ಹೋಗಿ ಅಂಥದೇ ಮಿಷನ್ ತಂದೆ, ಇನ್ನೂ ದೊಡ್ಡದು. ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ಎಂದು ಭಾಷಣವನ್ನೂ ಮಾಡಿದೆ. ಜನ ಹೊಸತನ ಎಂದು ಮೆಚ್ಚಿಕೊಂಡದ್ದು ನನ್ನ ವಿಷವನ್ನು; ತಂತ್ರಜ್ಞಾನ ಎಂದು ಹೊಗಳಿದ್ದು ನಾನೇ ಹೊರಗೆ ಹಾಕಿದ ಅವಳ ಮಿಷನ್ನನ್ನು. ನಾಯಕತ್ವ? ಅದಂತೂ ಅವತ್ತು ಸೀರೆ ಬದಲಾಯಿಸಲು ಒಳಗೆ ಹೋಗಿತ್ತು.

ಇದನ್ನೆಲ್ಲ ಹೊತ್ತುಕೊಂಡು ನಾನು ಸುಖವಾಗಿಯೇ ಇದ್ದೆ. ನಿದ್ದೆ ಬರುತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ಈಚೆಗೆ ರೇವತಿಯ ಗೃಹಪ್ರವೇಶ ನಡೆಯಿತು. ಹೊಲಿದು ಹೊಲಿದು ಕಟ್ಟಿಸಿದ ಎರಡು ಕೋಣೆಯ ಮನೆ. ಹೊಸ ಒಲೆಯಲ್ಲಿ ಹಾಲು ಉಕ್ಕಿಸುವ ಹೊತ್ತಾಯಿತು. ಮನೆಯೊಡತಿ ಮಾಡಬೇಕಾದ ಕೆಲಸ. ಅವಳು ಹಾಲಿನ ಪಾತ್ರೆ ತಂದು ನನ್ನ ಕೈಗೆ ಕೊಟ್ಟಳು.

"ನೀವೇ ಉಕ್ಕಿಸ್ಕೊಡಿ ಅಕ್ಕಾ. ನನ್ ಕೈಗುಣ ನಿಮಗೆ ಗೊತ್ತೇ ಇದೆಯಲ್ಲ."

ನಗುತ್ತಲೇ ಹೇಳಿದಳು. ನನ್ನ ಮೇಲೆ ಎಳ್ಳಷ್ಟೂ ಕೋಪವಿಲ್ಲ, ನಂಬಿಕೆ ಅಷ್ಟೆ. ನಾನು — ಅಲ್ಲಿಯೂ ಬಾಯಿ ಬಿಡಲಿಲ್ಲ. ಪಾತ್ರೆ ಒಲೆಗಿಟ್ಟೆ. ಹಾಲು ಉಕ್ಕಿತು, ಎಲ್ಲರೂ ನನ್ನ ಕೈ ಹೊಗಳಿದರು, ಅವಳು ನನ್ನ ಕಾಲಿಗೆ ಬಿದ್ದಳು. ಹೊಸ ಮನೆಯ ಮೊದಲ ಹಾಲು ಉಕ್ಕುವುದು ಒಂದೇ ಸಲ. ಅದನ್ನೂ ಅವಳಿಂದ ಕಿತ್ತುಕೊಂಡು ಬಸ್ಸು ಹತ್ತಿದೆ.

ಒಂದು ವಾರ ತಡೆದೆ. ಆಮೇಲೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಆಂಡರ್ಸನ್‌ಪೇಟೆಗೆ ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಸುತ್ತು ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ಹೊಲಿಗೆ ನಿಲ್ಲಿಸಿ ಕೇಳಿದಳು:

"ಅಂಗಾದ್ರೆ ಆ ಮಿಷಿನ್ನು ಚೆನ್ನಾಗೇ ಇತ್ತಾ?"

"ಚೆನ್ನಾಗೇ ಇತ್ತು. ನೀನ್ ಏಳಿದ್ದೆಲ್ಲಾ ಸರಿಯಾಗೇ ಇತ್ತು ಕಣೇ."

ಆಗ ಅತ್ತಳು. ನಾನು ಹತ್ತಿರ ಹೋದರೆ ಕೈಯಡ್ಡ ಹಿಡಿದಳು. ಘಟಕದಲ್ಲಿ ನಿನಗೆ ಪಾಲು ಬರೆದುಕೊಡುತ್ತೇನೆ ಎಂದದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ. "ನಂಗೊಬ್ಳಿಗೆ ಏಳಿದ್ರೆ ನಾನ್ ಅದನ್ನ ಇಟ್ಕೊಂಡು ಏನ್ ಮಾಡ್ಲಿ?" ಎಂದಳು. "ನೀವು ಅವತ್ತು ಊರ್ ಮುಂದೆ ಅಂದ್ರಿ. ಊರ್ ಮುಂದೇನೇ ಏಳಿ."

ಅವಳು ಹೇಳಿದ್ದು ಸರಿ. ಸಂಜೆ ಸೀನನಿಗೆ ಹೇಳಿದೆ. ಅವನು ಎದ್ದು ಹೊರಗೆ ಹೋದವನು ನಾನು ಹೊರಡುವವರೆಗೂ ಬರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಹಾಲು ತಂದ ಹೆಂಗಸರನ್ನೆಲ್ಲ ಅದೇ ಅಂಗಳದಲ್ಲಿ ನಿಲ್ಲಿಸಿಕೊಂಡು, ನಿಂಬೆಹಣ್ಣಿನಿಂದ ಹಿಡಿದು ಬಿಡಿಸಿ ಹೇಳಿದೆ. ಹೇಳಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಹಾಲು ತಂದವರಲ್ಲಿ ಎಲ್ಲರಿಗಿಂತ ಹಿರಿಯರಾದ ಮುನಿಯಮ್ಮಜ್ಜಿ ಕ್ಯಾನು ಕೆಳಗಿಟ್ಟರು.

"ಅಂಗಾದ್ರೆ ನಮ್ ಸೊಸೆ ಬಾಣಂತನದಾಗೆ ಆ ಉಡುಗಿ ಮಗು ನೋಡಾಕೆ ಬಂದಿದ್ಲಲ್ಲವ್ವಾ. ಆಲಿನ್ ಲೋಟ ಎತ್ಕೊಡಾಕೆ ಓದ್ಲು. ನೀನ್ ಮುಟ್ಬ್ಯಾಡ, ಬಾಣಂತಿಗೆ ಆಲು ಬತ್ತೋಯ್ತದೆ ಅಂದ್ಬಿಟ್ನಲ್ಲ ನಾನು."

ಇದು ನನಗೆ ಗೊತ್ತೇ ಇರಲಿಲ್ಲ. ರೇವತಿ ಯಾವತ್ತೂ ಹೇಳಿರಲಿಲ್ಲ. ಇನ್ನು ಯಾವ ಮನೆಯಲ್ಲಿ, ಯಾರು, ಯಾವ ಲೋಟ ಅವಳ ಕೈಯಿಂದ ತೆಗೆದಿಟ್ಟರೋ —

ಬೆಳಗಿನ ಹಾಲಿನ ಕೆಲಸ ಮುಗಿದ ಮೇಲೆ ಈಗ ದಿನವೂ ಹೊರಡುತ್ತೇನೆ. ಮನೆಮನೆಗೂ ಹೋಗಿ, ರೇವತಿಗೆ ನೀವು ಏನಾದರೂ ಅಂದಿದ್ದಿರಾ ಎಂದು ಕೇಳುತ್ತೇನೆ. ಬಹಳ ಮನೆಗಳಲ್ಲಿ ಹೌದು ಎನ್ನುತ್ತಾರೆ.