ಒಂಬತ್ತನೆಯ ಮನೆಯ ಪಾಳಿ

ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಹೋಗುವ ಮುಂಜಾನೆಯ ಬಸ್ಸನ್ನು ಓಡಿ ಹಿಡಿದೆ. ಹೊತ್ತಿಗೆ ಸರಿಯಾಗಿ ಬನ್ನಿ ಎಂದು ದಿನವೂ ಮಕ್ಕಳನ್ನು ಗದರುವ ಟೀಚರು ಸೆರಗು ಕೈಯಲ್ಲಿ ಹಿಡಿದು ಓಡುವುದನ್ನು ನನ್ನ ಶಾಲೆಯ ಹುಡುಗರು ಯಾರೂ ನೋಡಲಿಲ್ಲ, ಪುಣ್ಯ. ಡಿಸೆಂಬರಿನ ಚಳಿಗೆ ಕಿಟಕಿಯ ಗಾಜೆಲ್ಲ ಮಂಜಾಗಿತ್ತು. ಹೆಂಗಸರಿಗೆ ಈಗ ಸರಕಾರಿ ಬಸ್ಸು ಪುಕ್ಕಟೆ. ಕಂಡಕ್ಟರು ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟನ್ನು ಪರ್ಸಿನಲ್ಲಿ ಇಟ್ಟುಕೊಂಡು ಕೂತೆ.

ನಾನು ಹೊರಟದ್ದು ಇಂಡಿ ತಾಲೂಕಿನ ಝಳಕಿಯ ಹತ್ತಿರದ ನಮ್ಮ ವಸ್ತಿಗೆ. ಅಲ್ಲಿಯ ಶಾಲೆಯಲ್ಲಿ ಭಾನುವಾರ ಗುರುವಂದನೆ ಇತ್ತು. ಆ ಶಾಲೆಯ ಮೊದಲ ಮಾಸ್ತರರು ಕಲ್ಲಪ್ಪನವರು. ಎಂಬತ್ತು ದಾಟಿದ ಅವರು ಬಾಗೇವಾಡಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅವರನ್ನು ಕರೆದುಕೊಂಡು ಬರುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳು ನನಗೆ ಒಪ್ಪಿಸಿದ್ದರು. ಅದರ ಮೇಲೆ ಅವ್ವ ಫೋನಿನಲ್ಲಿ ಇನ್ನೊಂದು ಕೆಲಸ ಹೊರಿಸಿದ್ದಳು.

"ಶನಿವಾರ ಸಂಜಿಗಿ ಮಾಸ್ತರ ನಮ್ಮ ಮನ್ಯಾಗ ಉಣ್ಣಬೇಕು. ದಾರ್ಯಾಗ ಕೇಳು. ಉಣ್ತೇನಿ ಅಂದ್ರ ಮನಿಗಿ ಕರಕೊಂಡ ಬಾ. ಒಲ್ಲೆ ಅಂದ್ರ ಸೀದಾ ಸಾಲಿಗಿ ಒಯ್ದು ಬಿಡು. ನಮ್ಮ ಅಂಗಳಾ ತುಳಿಸಬ್ಯಾಡ."

ಈ ಮಾತಿನ ಹಿಂದಿರುವುದನ್ನು ಹೇಳದಿದ್ದರೆ ಪ್ರಯಾಣ ಮುಂದೆ ಸಾಗುವುದಿಲ್ಲ. ನಮ್ಮ ಕಡೆ ಅರ್ಧ ಊರು ಹೊಲದಲ್ಲೇ ಇರುತ್ತದೆ. ಹೊಲದಲ್ಲಿ ಮನೆ ಕಟ್ಟಿಕೊಂಡು ಇರುವ ಜಾಗಕ್ಕೆ ವಸ್ತಿ ಎನ್ನುತ್ತೇವೆ. ಒಂದು ಮನೆಯಿಂದ ಕೂಗಿದರೆ ಇನ್ನೊಂದಕ್ಕೆ ಕೇಳಿಸಬೇಕು, ಅಷ್ಟು ದೂರ. ನಮ್ಮಲ್ಲಿ ಅಂಥ ಒಂಬತ್ತು ಮನೆಗಳಿದ್ದವು. ಅವುಗಳಲ್ಲಿ ಹೆಚ್ಚು ಹೊಲವಿದ್ದ ಮನೆಗೆ ದೊಡ್ಡ ವಸ್ತಿ ಎಂದೇ ಹೆಸರು. ಮಕ್ಕಳು ಓದಬೇಕೆಂದರೆ ಲಾರಿ ಓಡಾಡುವ ದೊಡ್ಡ ರಸ್ತೆ ದಾಟಿ ಝಳಕಿಗೆ ನಡೆಯಬೇಕಿತ್ತು. ಹಾಗಾಗಿ ವಸ್ತಿಯವರೇ ಸೇರಿ ಶಾಲೆ ಮಾಡಿದರು. ಹುಸೇನಸಾಬರು ಬೇವಿನ ಮರವಿದ್ದ ಹೊಲದ ಮೂಲೆಯನ್ನು ಬಿಟ್ಟುಕೊಟ್ಟರು. ಉಳಿದವರು ಕಂಬ, ಜೋಳದ ಕಣಕಿ ತಂದು ಚಪ್ಪರ ಹಾಕಿದರು. ಎಸ್ಸೆಸ್ಸೆಲ್ಸಿ ಪಾಸಾಗಿ ಕೆಲಸವಿಲ್ಲದೆ ಇದ್ದ ಕಲ್ಲಪ್ಪನವರನ್ನು ಬಾಗೇವಾಡಿ ಕಡೆಯಿಂದ ಕರೆತಂದರು. ಸುಗ್ಗಿಯಲ್ಲಿ ಜೋಳವೇ ಅವರ ಪಗಾರ, ಹುಸೇನಸಾಬರ ಪಂಪಸೆಟ್ಟಿನ ಕೋಣೆಯೇ ಅವರ ಮನೆ. ಊಟ ಮಾತ್ರ ಪಾಳಿಯ ಮೇಲೆ, ದಿನಕ್ಕೊಂದು ಮನೆ. ಸರಕಾರ ಶಾಲೆಯನ್ನೂ ಮಾಸ್ತರರನ್ನೂ ತನ್ನದಾಗಿ ಮಾಡಿಕೊಂಡದ್ದು ಕೆಲವು ವರ್ಷಗಳ ಮೇಲೆ.

ನಮ್ಮದು ಒಂಬತ್ತನೆಯ ಮನೆ. ಮುಂದೆ ಅಪ್ಪ ಬೌದ್ಧ ಧರ್ಮಕ್ಕೆ ಬಂದ, ಆದರೆ ಆಗ ನಮ್ಮ ಕೈಯ ನೀರನ್ನು ಆ ವಸ್ತಿಯಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಎಂಟಾದ ಮೇಲೆ ಒಂಬತ್ತು ಎಂದು ನನಗೆ ಕಲಿಸಿದವರು ಮಾಸ್ತರರೇ. ಅವರ ಪಾಳಿ ಮಾತ್ರ ಎಂಟಾದ ಮೇಲೆ ಒಂದಕ್ಕೆ ತಿರುಗುತ್ತಿತ್ತು.

ಹಾಗೆಂದು ಅವರು ನನ್ನನ್ನು ಬೇರೆ ಕೂಡಿಸಲಿಲ್ಲ. ಎಲ್ಲರ ಸಾಲಿನಲ್ಲೇ ಕೂಡಿಸಿ, ಕೈ ಹಿಡಿದು ಪಾಟಿಯ ಮೇಲೆ ಅಕ್ಷರ ತೀಡಿಸಿದರು. ಏಳನೆಯ ತರಗತಿ ಮುಗಿದಾಗ ಅಪ್ಪನ ಜೊತೆ ಇಂಡಿಗೆ ಬಂದು ಹೈಸ್ಕೂಲಿಗೆ ಹೆಸರು ಹಚ್ಚಿಸಿದವರೂ ಅವರೇ. ಇಂದು ನಾನು ಉಣ್ಣುವ ಅನ್ನದಲ್ಲಿ ಅವರ ಪಾಲಿದೆ ಎಂದು ಯಾರ ಮುಂದಾದರೂ ಹೇಳುತ್ತೇನೆ. ಆದರೂ ಅವರು ನಮ್ಮ ಮನೆಯಲ್ಲಿ ಒಂದು ತುತ್ತು ಉಣ್ಣಲಿಲ್ಲ ಎಂಬುದು ಒಳಗೇ ಮುರಿದುಕೊಂಡ ಜಾಲಿ ಮುಳ್ಳಿನ ಹಾಗೆ ಉಳಿದಿತ್ತು. ಯಾಕೆ ಎಂದು ಕೇಳಿರಲಿಲ್ಲ. ಕೇಳಿದರೆ ಆ ಋಣಕ್ಕೆ ಕುಂದು ಬಂದೀತು ಎಂಬ ಅಂಜಿಕೆ.

ಬಾಗೇವಾಡಿ ನಿಲ್ದಾಣದಲ್ಲಿ ಮಾಸ್ತರರು ಬಿಳಿ ಧೋತರ, ಟೊಪ್ಪಿಗೆ ತೊಟ್ಟು ಆಗಲೇ ಬಂದು ಕೂತಿದ್ದರು. ಪಕ್ಕದಲ್ಲಿ ಗುಳಿಗೆಯ ಡಬ್ಬಿ ಹಿಡಿದ ಸೊಸೆ. "ಒಂದ ರೊಟ್ಟಿ ಮ್ಯಾಲ ಉಣಿಸಬ್ಯಾಡ್ರಿ ಅಕ್ಕಾರ, ಕರಗಂಗಿಲ್ಲ," ಎಂದು ನನ್ನ ಕೈಗೆ ಡಬ್ಬಿ ಕೊಟ್ಟಳು. ವಿಜಯಪುರದ ಮೇಲೆ ಹೋದರೆ ಝಳಕಿಗೆ ಸುಲಭ. ಮಾಸ್ತರರು ಒಪ್ಪಲಿಲ್ಲ. "ಮೊದಲ್ನೇ ಸಲ ಸಿಂದಗಿ ಮ್ಯಾಲಿಂದ ಹೋಗಿದ್ದೆ ಶಾಂತವ್ವ. ಇದ ಕಡೀ ಸಲ ಇದ್ದೀತು, ಅದ ದಾರೀಲೆ ಹೋಗೂಣು," ಎಂದರು. ಗುರುವಿನ ಮಾತಿಗೆ ಎದುರು ಹೇಳುವ ಅಭ್ಯಾಸ ನನಗಿಲ್ಲ, ಸಿಂದಗಿ ಬಸ್ಸು ಹತ್ತಿದೆವು.

ಈ ದಾರಿಯಲ್ಲಿ ಎರಡು ಹಿಪ್ಪರಗಿಗಳು. ಮುಂಜಾನೆ ನಾನು ಹೂವಿನ ಹಿಪ್ಪರಗಿ ದಾಟಿ ಬಂದಿದ್ದೆ, ಈಗ ದೇವರ ಹಿಪ್ಪರಗಿ. ಮೊದಲು ಹೂವು, ಆಮೇಲೆ ದೇವರು, ಕ್ರಮ ತಪ್ಪಿಲ್ಲ ಎಂದೆ. ಮಾಸ್ತರರು ನಕ್ಕರು. ಕಿಟಕಿಯಾಚೆ ತೊಗರಿ ಕಾಯಿ ಕಟ್ಟಿ ಬಾಗಿತ್ತು. ಮುಳವಾಡ ಏತ ನೀರಾವರಿಯ ಕಾಲುವೆಯಲ್ಲಿ ನೀರು ಕಂಡಾಗಲೆಲ್ಲ ಮಾಸ್ತರರು ನನ್ನ ಮೊಣಕೈ ತಟ್ಟಿ ತೋರಿಸುತ್ತಿದ್ದರು. ಒಂದೂವರೆ ತಾಸು ಹೀಗೆ ಹೋಯಿತು. ಕೇಳಬೇಕಾದ ಮಾತು ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿತ್ತು.

ಸಿಂದಗಿಯಲ್ಲಿ ಇಂಡಿ ಬಸ್ಸಿಗೆ ಹೊತ್ತಿತ್ತು. ನಿಲ್ದಾಣದ ಎದುರು ಚುರುಮುರಿಯ ಸೂಸಲಾ, ಬಿಸಿ ಮಿರ್ಚಿ, ಚಹಾ ತೆಗೆದುಕೊಂಡೆವು. ಮಿರ್ಚಿ ಖಾರವಾಗಿತ್ತು. ಕಣ್ಣಲ್ಲಿ ನೀರು ಬರಲು ಒಂದು ನೆಪ ಸಿಕ್ಕಿತು. ಕೇಳಿಬಿಟ್ಟೆ.

"ಗುರುಗಳ, ಇವತ್ತ ಸಂಜಿಗಿ ಅವ್ವ ಊಟಕ್ಕ ಕರದಾಳ್ರಿ. ಬರ್ತೀರೇನ್ರಿ?"

ಮಾಸ್ತರರು ಚಹಾದ ಲೋಟವನ್ನು ಕೆಳಗಿಟ್ಟರು. "ಖರೇನ ಕರದಾಳೇನವಾ?"

"ಖರೇನ ಕರದಾಳ್ರಿ."

"ನಿಮ್ಮಪ್ಪ ನಿನಗೇನೂ ಹೇಳಲಿಲ್ಲೇನು?"

ಅಪ್ಪ ತೀರಿಕೊಂಡು ಹತ್ತು ವರ್ಷ. ಏನೂ ಹೇಳಿರಲಿಲ್ಲ ಎಂದೆ. ಮಾಸ್ತರರು ರಸ್ತೆಯನ್ನೇ ನೋಡುತ್ತ ಹೇಳತೊಡಗಿದರು.

"ಎಂಟ ಮನಿ ಪಾಳಿ ಮುಗದಿತ್ತು. ಒಂಬತ್ತನೇ ದಿನಾ ನಾ ನಿಮ್ಮ ಮನಿ ದಾರಿ ಹಿಡದಿದ್ದೆ. ನಿಮ್ಮಪ್ಪ ಹಳ್ಳದಾಗ ಅಡ್ಡ ನಿಂತ. ತಿರಗಿ ಹೋಗ್ರಿ ಮಾಸ್ತರ ಅಂದ. ನೀವು ನಮ್ಮ ಮನ್ಯಾಗ ಉಂಡ್ರ ದೊಡ್ಡ ವಸ್ತ್ಯಾವ್ರು ತಮ್ಮ ಹುಡುಗೂರನ್ನ ಬಿಡಸ್ತಾರಂತ. ಅವ್ರು ಬಿಡಿಸಿದ್ರ ಉಳದಾವ್ರೂ ಬಿಡಸ್ತಾರ, ಸಾಲಿ ಮುರೀತೈತಿ. ನನ್ನ ಮಗಳಿಗಿ ಅಕ್ಷರ ಬೇಕ್ರಿ. ನಮ್ಮ ಪಾಳಿ ಬಾಕಿ ಇಟ್ಕೋರಿ ಅಂದ. ನಾ ತಿರಗಿ ಹ್ವಾದೆ. ಹೋಗಬಾರದಿತ್ತು ಅಂತ ಎಷ್ಟ ಸಲ ಅನಿಸೇತಿ. ಕರೀದ ಮನಿಗಿ ಹೆಂಗ ಬರ್ಲೆವಾ? ಯಾವಾಗ ಕರೀತೀರಿ ಅಂತ ಕಾಯಾಕತ್ತಿದ್ದೆ."

ಅಪ್ಪನನ್ನು ನಾನು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ ಎಂದುಕೊಂಡಿದ್ದೆ. ಯಾರೊಂದಿಗೂ ಜಗಳವಿಲ್ಲ, ಯಾರಿಗೂ ಎದುರು ಮಾತಿಲ್ಲ. ಎಂಟು ಮನೆಗಳು ಶಾಲೆಗೆ ಜೋಳ ಕೊಟ್ಟವು, ರೊಟ್ಟಿ ಕೊಟ್ಟವು. ಅಪ್ಪ ತನ್ನ ಮನೆಯ ಮರ್ಯಾದೆಯನ್ನು ಕೊಟ್ಟಿದ್ದ, ಅದೂ ಯಾರಿಗೂ ಗೊತ್ತಾಗದ ಹಾಗೆ. ನನ್ನ ಮೊದಲ ಅಕ್ಷರ ಅದರಿಂದ ಬಂದದ್ದು. ಮಾಸ್ತರರಿಗೆ ನೂರು ಸಲ ಕೈ ಮುಗಿದಿದ್ದೇನೆ. ಅಪ್ಪನಿಗೆ ಒಂದು ಸಲವೂ ಮುಗಿದಿರಲಿಲ್ಲ. ಸಿಂದಗಿಯ ಆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಮುಗಿದೆ.

ಇಂಡಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ನಿಲ್ದಾಣದ ಬದಿಗೆ ನಿಂಬೆಹಣ್ಣಿನ ಚೀಲಗಳನ್ನು ಲಾರಿಗೆ ಏರಿಸುತ್ತಿದ್ದರು, ಬಿಸಿಲಿಗೆ ಹಣ್ಣಿನ ವಾಸನೆ ಹರಡಿತ್ತು. ಅವ್ವನಿಗೆ ಫೋನು ಮಾಡಿ "ಉಣ್ತಾರಂತ" ಎಂದೆ. ಅವಳು, "ಬದನೀಕಾಯಿ ತಗೊಂಡ ಬಾ. ಎಳೀವು ನೋಡಿ ತಗೋ," ಎಂದು ಇಟ್ಟುಬಿಟ್ಟಳು. ಬದನೆಕಾಯಿ ಆರಿಸುವಾಗ ಮಾಸ್ತರರೂ ಬಗ್ಗಿ ಒಂದೊಂದನ್ನೇ ಒತ್ತಿ ನೋಡಿದರು. ಇಂಡಿಯಿಂದ ಝಳಕಿ ಇಪ್ಪತ್ತು ಕಿಲೋಮೀಟರಿನಷ್ಟು. ಅಲ್ಲಿಂದ ವಸ್ತಿಗೆ ಟಂಟಂ, ತಲೆಗೆ ಇಪ್ಪತ್ತು ರೂಪಾಯಿ.

ಅವ್ವ ಅಂಗಳಕ್ಕೆ ನೀರು ಹೊಡೆದು ಬಾಗಿಲಲ್ಲಿ ನಿಂತಿದ್ದಳು. ಬರ್ರಿ ಎನ್ನಲಿಲ್ಲ. ಮಾಸ್ತರರು ಚಪ್ಪಲಿ ಬಿಟ್ಟು ಅಂಗಳದ ತುದಿಯಲ್ಲೇ ನಿಂತರು.

"ಸಾವಕ್ಕ, ಆ ದಿನಾ ನಿಮ್ಮ ಯಜಮಾನ್ರು ಬರಬ್ಯಾಡ ಅಂದ್ರು. ಅದಕ್ಕ..."

"ಅಂವ ಬ್ಯಾಡಂದ," ಎಂದಳು ಅವ್ವ. "ನಾ ಅಂದಿದ್ದಿಲ್ಲ. ನಾ ರೊಟ್ಟಿ ಬಡದ ಇಟ್ಟಿದ್ದೆ. ಅದೊಂದ ದಿನಾ ಅಲ್ರಿ ಮಾಸ್ತರ. ನಿಮಗ ಸರಕಾರಿ ಪಗಾರ ಚಾಲೂ ಆಗೂತನಾ ಎಂಟ ದಿನಾ ಬಿಟ್ಟು ಒಂಬತ್ತನೇ ದಿನಕ್ಕ ಎರಡ ರೊಟ್ಟಿ ಹೆಚ್ಚಿಗಿ ಬಡದೇನಿ."

ಮಾಸ್ತರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಸಣ್ಣಂದಿನದೊಂದು ಖುಷಿ ನೆನಪಾಯಿತು. ಕೆಲವು ದಿನ ನಮ್ಮ ಬುಟ್ಟಿಯಲ್ಲಿ ರೊಟ್ಟಿ ಉಳಿಯುತ್ತಿತ್ತು, ಅವತ್ತು ನನಗೂ ತಮ್ಮನಿಗೂ ಒಂದೊಂದು ಹೆಚ್ಚು. ಯಾಕೆ ಉಳಿಯಿತು ಎಂದು ಮಕ್ಕಳು ಕೇಳುತ್ತಾರೆಯೇ? ಮಾಸ್ತರರ ಪಾಲಿನ ರೊಟ್ಟಿ ತಿಂದು ಬೆಳೆದವಳು ನಾನು.

"ನಿಂತ ಏನ್ ಮಾಡ್ತೀರಿ, ಒಳಗ ಬರ್ರಿ," ಎಂದಳು ಅವ್ವ, ಕೊನೆಗೆ.

ದೀಪ ಹಚ್ಚುವ ಹೊತ್ತಿಗೆ, ಬುದ್ಧನ ಚಿತ್ರದ ಕೆಳಗೆ ಚಾಪೆ ಹಾಸಿ ಗಂಗಾಳದಲ್ಲಿ ಬಡಿಸಿದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಾಸ್ತರರು ಮೂರು ರೊಟ್ಟಿ ಉಂಡರು. ಗುಳಿಗೆಯ ಡಬ್ಬಿ ಹಿಡಿದು ನಾನು ಸುಮ್ಮನೆ ಕೂತೆ. ಆ ಹೊತ್ತಿನಲ್ಲಿ ಸಾಕು ಎನ್ನುವ ಧೈರ್ಯ ನನಗಿರಲಿಲ್ಲ. ಹೊಟ್ಟೆ ಕೆಡಲಿಲ್ಲ, ಮುಂಜಾನೆ ನನಗಿಂತ ಮೊದಲು ಎದ್ದು ಹೊಲ ಸುತ್ತಿ ಬಂದಿದ್ದರು.

ಭಾನುವಾರದ ಗುರುವಂದನೆ ಎಲ್ಲ ಕಡೆ ಆಗುವಂತೆಯೇ ಆಯಿತು: ಶಾಲು, ಹಾರ, ಕೈಕೊಟ್ಟ ಮೈಕು. ಚಪ್ಪರವಿದ್ದ ಜಾಗದಲ್ಲಿ ಈಗ ಎರಡು ಪಕ್ಕಾ ಕೋಣೆಗಳಿವೆ. ಮಾಸ್ತರರು ಮೈಕು ಬದಿಗಿಟ್ಟು, ತರಗತಿಯಲ್ಲಿ ಮಾತಾಡುತ್ತಿದ್ದ ಹಾಗೇ ಮಾತಾಡಿದರು. "ಎಂಟ ಮನಿ ನನಗ ಉಣಿಸಿದ್ವು, ಅವರ ಋಣಾ ನಾ ಮರ್ತಿಲ್ಲ. ಒಂಬತ್ತನೇ ಮನಿ ಉಣಿಸೂದು ಬಿಟ್ಟು ಈ ಸಾಲಿ ಉಳಿಸ್ತು." ಹಳ್ಳದಲ್ಲಿ ನಡೆದದ್ದನ್ನು ಇದ್ದಂತೆ ಹೇಳಿದರು, ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಜನ ತಲೆ ತಗ್ಗಿಸಿ ಕೂತಿದ್ದರು. ಹೆಂಗಸರ ನಡುವೆ ಅವ್ವ ನೆಟ್ಟಗೆ ಕೂತಿದ್ದಳು.

ಸೋಮವಾರ ನನಗೆ ಶಾಲೆ. ಹಾಗಾಗಿ ಭಾನುವಾರವೇ ಇಳಿಹೊತ್ತಿಗೆ ಟಂಟಂ ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ ದೊಡ್ಡ ವಸ್ತಿಯ ಸೊಸೆ ಪಾರಕ್ಕ ಬಂದಳು. ಮಕ್ಕಳನ್ನು ಬಿಡಿಸುತ್ತೇನೆ ಎಂದಿದ್ದ ಹಿರಿಯರು ಅವಳ ಮಾವ. ಅವರು ಹೋಗಿ ಬಹಳ ಕಾಲವಾಯಿತು. ಪಾರಕ್ಕ, ಅವ್ವ ಜೊತೆಯಲ್ಲಿ ನಿಂಬೆಹಣ್ಣು ಆರಿಸುತ್ತಾರೆ, ಕಷ್ಟಸುಖ ಹಂಚಿಕೊಳ್ಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ಅವಳು ಉಣ್ಣಲು ಕೂತದ್ದನ್ನು ನಾನು ನೋಡಿಲ್ಲ.

"ಸಾವಕ್ಕ, ಮಾಸ್ತರನ್ನ ಕರಿಯಾಕ ಬಂದೇನಿ. ಇವತ್ತಿನ ಪಾಳಿ ನಮ್ಮದು."

"ನಿಮ್ಮದ ಹೆಂಗಾಗ್ತೈತಿ?" ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ. "ನಮ್ಮ ಬಾಕಿ ಪಾಳಿ ಭಾಳ ಅದಾವ. ನಿನ್ನೆ ಒಂದ ತೀರೇತಿ."

ಪಾರಕ್ಕ ಮಾಸ್ತರರ ಕಡೆ ನೋಡಿದಳು. ನನ್ನ ಜೊತೆ ಹೊರಡಬೇಕಾಗಿದ್ದ ಮಾಸ್ತರರು ಕೈಯಲ್ಲಿದ್ದ ಚೀಲವನ್ನು ಗೋಡೆಯ ಗೂಟಕ್ಕೆ ತೂಗುಹಾಕಿ, "ಸಾವಕ್ಕ ಹೇಳಿದಂಗ. ನೀ ನಡಿಯವಾ ಶಾಂತವ್ವ, ನಾ ಬಾಕಿ ತೀರಿಸಿ ಬರ್ತೇನಿ," ಎಂದು ಚಾಪೆಯ ಮೇಲೆ ಕೂತುಬಿಟ್ಟರು.

"ಮತ್ತ ನಮ್ಮ ಪಾಳಿ?" ಎಂದಳು ಪಾರಕ್ಕ.

"ನಿಮ್ಮದು ಒಂಬತ್ತನೇದು," ಎಂದಳು ಅವ್ವ.

ಪಾರಕ್ಕನ ಮುಖ ಕೆಂಪಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೊರಗೆ ಟಂಟಂನವನು ಹಾರ್ನ್ ಒತ್ತಿದ. ನಾನು ಹೊರಡಲೋ ನಿಲ್ಲಲೋ ತಿಳಿಯದೆ ಅಂಗಳದಲ್ಲಿದ್ದೆ. ಪಾರಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಾಸ್ತರರಿಂದ ಒಂದು ಮಾರು ಆಚೆ, ಅದೇ ಚಾಪೆಯ ಮೇಲೆ ಕೂತಳು.

"ಹಂಗಾರ ಇವತ್ತ ನನಗೂ ಒಂದ ಗಂಗಾಳ ಹಾಕು," ಎಂದಳು.