ಫಿಸಿಕ್ಸ್ ಬಿಟ್ಟ ಹುಡುಗಿ

ಮಗಳು ಶೈಲಾ ಬಿ.ಎಸ್ಸಿ. ಫಿಸಿಕ್ಸ್‌ನಲ್ಲಿ ಫಸ್ಟ್ ಕ್ಲಾಸ್ ಬಂದಳು. ಮೈಸೂರಿನಲ್ಲಿ ಎಂ.ಎಸ್ಸಿ. ಮ್ಯಾಥ್ಸ್ ಸೀಟು ಸಿಕ್ಕಿತು. ಅಂದಿನಿಂದ ಅರಸೀಕೆರೆಯಲ್ಲಿ ನಾನು ನೆಮ್ಮದಿಯಾಗಿ ಒಂದು ತೆಂಗಿನಕಾಯಿ ಕೊಂಡಿಲ್ಲ.

"ಯಾಕ್ರಮ್ಮ, ಮಗಳಿಗೆ ಫಿಜಿಕ್ಸು ಡುಮ್ಕಿನಾ?" ಕಾಯಿ ಮಾರುವ ಗೌರಮ್ಮ ಕೇಳಿದಳು.

ಅಲ್ಲಮ್ಮ, ಫಸ್ಟ್ ಕ್ಲಾಸು ಎಂದೆ.

"ಮತ್ಯಾಕ್ ಬುಟ್ಲು? ಏನೋ ಐತೆ ಬುಡಿ."

ನಮ್ಮ ಯಜಮಾನರಂತೂ ಕೇಳಿದವರಿಗೆಲ್ಲ, "ಮ್ಯಾಥ್ಸಿಗೆ ಪ್ರಾಕ್ಟಿಕಲ್ಸ್ ಇಲ್ಲ ನೋಡಿ, ಹೊತ್ತಿಗೆ ಸರಿಯಾಗಿ ಹಾಸ್ಟೆಲ್ ಸೇರ್ತಾಳೆ" ಎನ್ನುತ್ತಾರೆ. (ಮಗಳು ಅದಕ್ಕೇ ಆರಿಸಿಕೊಂಡಳು ಎಂಬಂತೆ!)

ಹೋದ ಭಾನುವಾರ ತುಮಕೂರಿನಿಂದ ಹೆಣ್ಣು ನೋಡಲು ಬಂದರು. ಬ್ಯಾಂಕ್ ಕೆಲಸದ ಹುಡುಗ, ಅವನ ತಾಯಿ, ಸೋದರಮಾವ. ನಮ್ಮ ಕಡೆ ನೆಂಟರು ಬಂದರೆ ಉಪ್ಪಿಟ್ಟು ಕೊಟ್ಟರಾಗಲಿಲ್ಲ, ಹಳೇಬೀಡನ್ನೂ ತೋರಿಸಬೇಕು. (ಆ ಗೋಡೆಯ ಆನೆಗಳಿಗೆ ನನ್ನ ಮುಖ ನೋಡಿ ನೋಡಿ ಸಾಕಾಗಿರಬೇಕು.)

ಅಲ್ಲಿನ ಜೈನ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವಲ್ಲ, ಸೋದರಮಾವ ಒಂದರಲ್ಲಿ ಕ್ರಾಪು ತೀಡಿಕೊಂಡರು. "ಏನಮ್ಮ ಫಿಸಿಕ್ಸು, ನನ್ನ ಮುಖ ಯಾಕೆ ಸೌತೆಕಾಯಿ ಆಗಿದೆ?"

"ಕಂಬ ದುಂಡಗಿದೆ ಸಾರ್. ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ಹಾಗೇ ಇರುತ್ತೆ."

"ಇಷ್ಟು ಗೊತ್ತಿದ್ದೂ ಬಿಟ್ಯಾ?" ಹುಡುಗನ ತಾಯಿ ಹುಬ್ಬೇರಿಸಿದರು.

"ಲ್ಯಾಬಲ್ಲಿ ರೀಡಿಂಗ್ ಬರ್ತಿತ್ತು. ಅದು ಹಾಗೇ ಯಾಕೆ ಬರಬೇಕು ಅನ್ನೋದು ಲೆಕ್ಕದಲ್ಲಿತ್ತು. ನನಗೆ ಅದು ಬೇಕು ಅನ್ನಿಸ್ತು."

ಎಷ್ಟು ಚೆನ್ನಾಗಿ ಹೇಳಿದಳು! ಕೇಳಿಸಿಕೊಂಡವರು ಯಾರು?

"ಮನಸ್ಸು ಒಂದು ಕಡೆ ನಿಲ್ಲೋಲ್ಲ ಅಂತಾಯ್ತು," ಎಂದರು ತಾಯಿ. "ಮೈಸೂರೆಲ್ಲ ಬೇಡ. ಕಾರ್ತಿಕದಲ್ಲೇ ಮದುವೆ ಮುಗಿಸೋಣ."

ನಮ್ಮವರು ನನ್ನ ಕಡೆ ತಿರುಗಿ ಮೆಲ್ಲಗೆ, "ಒಳ್ಳೆ ಸಂಬಂಧ ಕಣೇ. ಸೀಟು ಬಿಟ್ಟರಾಯ್ತು" ಎಂದರು. ಶೈಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಅತಿಥಿಗಳಿಗೆ ಎದುರಾಡಬಾರದು ಎಂದು ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ್ದರು. ಪ್ರಶ್ನೆ ಕೇಳಬಾರದು ಎಂದು ಕಲಿಸಿರಲಿಲ್ಲ. ಹುಡುಗನನ್ನೇ ಕೇಳಿದೆ:

"ನೀವು ಓದಿದ್ದೇನಪ್ಪ?"

"ಬಿ.ಎಸ್ಸಿ. ಅಗ್ರಿಕಲ್ಚರ್, ಆಂಟಿ." ಪಾಪ, ನಕ್ಕ. ತಾಯಿ ನಗಲಿಲ್ಲ.

"ನನ್ನ ಮಗಳ ಸೀಟು ಬಿಡಿಸೋಲ್ಲ," ಎಂದೆ. ಬಸದಿಯಲ್ಲಿ ಸಣ್ಣ ದನಿಯೂ ಎಷ್ಟು ದೊಡ್ಡದಾಗಿ ಕೇಳಿಸುತ್ತದೆ!

ಶೈಲಾ ಬುಧವಾರದ ರೈಲಿಗೆ ಮೈಸೂರಿಗೆ ಹೋದಳು. ತುಮಕೂರಿನವರಿಂದ ಸುದ್ದಿಯಿಲ್ಲ. ನಮ್ಮವರದು ನನ್ನೊಡನೆ ಕಾಫಿಗಷ್ಟೇ ಮಾತು.

ನೀವೇ ಹೇಳಿ, ಆ ಹುಡುಗ ಬ್ಯಾಂಕ್ ಸೇರಿದ ದಿನ ಅವನ ತಾಯಿಯನ್ನು ಯಾರಾದರೂ ಕೇಳಿದ್ದರಾ, "ಯಾಕ್ರಮ್ಮ, ಮಗನಿಗೆ ರಾಗಿ ಡುಮ್ಕಿನಾ?" ಎಂದು?